ಐದನೆಯ ಯಾಕೆ

ಪ್ರಾಣಿ ಆಸ್ಪತ್ರೆಯ ಸ್ಟೀಲ್ ತಟ್ಟೆಯಲ್ಲಿದ್ದ ವಸ್ತು ಹಳದಿ ಬಣ್ಣದ್ದೆಂದು ನನಗೆ ಚೆನ್ನಾಗಿ ನೆನಪಿದೆ. ಆ ಹೊತ್ತಿನಲ್ಲಿ ನಾನು ಹೊರಗಿನ ಮೊಗಸಾಲೆಯಲ್ಲಿ, ಖಾಲಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆನೆಂಬುದೂ ಅಷ್ಟೇ ಚೆನ್ನಾಗಿ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ತಟ್ಟೆ ಒಳಗಿತ್ತು, ಬಾಗಿಲು ಮುಚ್ಚಿತ್ತು. ಒಂದು ಹಿಡಿಯಷ್ಟಿದ್ದ ಪ್ರಾಣಿಯ ಹೊಟ್ಟೆಯಿಂದ ತೆಗೆದದ್ದು ಯಾವ ಬಣ್ಣದ್ದಾದರೇನು ಎಂದು ಕೇಳಬಹುದು. ಆ ಬಣ್ಣದ ಮೇಲೆ ಒಬ್ಬರ ಕೆಲಸ ನಿಂತಿತ್ತು. ಆದ್ದರಿಂದ ನನ್ನ ನೆನಪು ತನಗೆ ಅನುಕೂಲವಾದ ಬಣ್ಣವನ್ನು ಆರಿಸಿಕೊಂಡಿದೆಯೇ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವರದಿಯಲ್ಲಿ ಹೆಸರು ಬರೆಯಬಾರದು, ಹುದ್ದೆ ಬರೆಯಬೇಕು ಎಂಬುದು ಅವರದೇ ನಿಯಮ. ಹುದ್ದೆ: ಸೇಫ್ಟಿ ಆಫೀಸರ್. ನಮ್ಮ ಕಡೆ ಕೊಂಕಣಿ ಕ್ಯಾಥೊಲಿಕ್ಕರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆ. ಕಳೆದ ತಿಂಗಳು ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಪಾಸ್‌ಪೋರ್ಟ್ ಅಳತೆಯ ಫೋಟೋ ಬಂತು. ಅದರ ಕೆಳಗೆ ಸಾಲು ಸಾಲಾಗಿ ಮುಗಿದ ಕೈಗಳು, ಆ ಕೈಗಳ ಕೆಳಗೆ ಹತ್ತೇ ನಿಮಿಷದಲ್ಲಿ ಯಾರದೋ ಮನೆಯ ಬಿರಿಯಾನಿ. ಗುಂಪು ಚೇತರಿಸಿಕೊಂಡಿತು.

ನಾವಿಬ್ಬರೂ ಅಬುಧಾಬಿಯ ಖಾಲಿದಿಯಾದ ಹಳೆಯ ಕಟ್ಟಡವೊಂದರಲ್ಲಿ, ಕಂಪನಿ ಕೊಟ್ಟ ಒಂದೇ ಕೋಣೆಯಲ್ಲಿ ಮೂರು ವರ್ಷ ಇದ್ದೆವು. ಬೆಳಿಗ್ಗೆ ಕಂಪನಿಯ ವ್ಯಾನು ನಮ್ಮನ್ನು ಮುಸಫ್ಫಾದ ಯಾರ್ಡಿಗೆ ಒಯ್ಯುತ್ತಿತ್ತು. ಅಲ್ಲಿ ಎಣ್ಣೆ ಕಂಪನಿಗಳಿಗೆ ಬೇಕಾದ ಪೈಪುಗಳನ್ನು ಬೆಸೆಯುತ್ತಿದ್ದರು, ಪೊರ್ಬುಗಳು ಬೆಸೆಯುವವರ ಬೆರಳುಗಳನ್ನು ಕಾಯುತ್ತಿದ್ದರು, ನಾನು ಇವೆರಡರ ಕಾಗದಗಳಿಗೆ ನಂಬರು ಹಾಕುತ್ತಿದ್ದೆ. ಈ ಕೆಲಸಕ್ಕೆ ಡಾಕ್ಯುಮೆಂಟ್ ಕಂಟ್ರೋಲರ್ ಎನ್ನುತ್ತಾರೆ. ಪ್ರಾಣಿಶಾಸ್ತ್ರದ ಎಂ.ಎಸ್ಸಿ., ಸಿಹಿನೀರಿನ ಏಡಿಗಳ ಬಗ್ಗೆ ಒಂದು ಪ್ರಬಂಧ, ಇಷ್ಟು ಸಿದ್ಧತೆಯಿದ್ದವನು ಕಾಗದಕ್ಕೆ ನಂಬರು ಹಾಕುವುದರಲ್ಲಿ ಸೋಲುವ ಪ್ರಶ್ನೆಯೇ ಇರಲಿಲ್ಲ. ಅವರು ನನ್ನನ್ನು ಎಮ್ಮೆಸ್ಸಿ ಎಂದೇ ಕರೆಯುತ್ತಿದ್ದರು. ಗೌರವದಿಂದಲೋ ಎಂದು ನಾನು ಯಾವತ್ತೂ ವಿಚಾರಿಸಲಿಲ್ಲ.

ಕೋಣೆಯ ಆಡಳಿತ ಭಾಷೆ ತುಳು. ಜಗಳಕ್ಕೆ ಮಾತ್ರ ಕನ್ನಡ. ಅದು ಇಬ್ಬರ ಮನೆಮಾತೂ ಅಲ್ಲದ್ದರಿಂದ ಯಾರಿಗೂ ಹೆಚ್ಚಿನ ಲಾಭವಿರಲಿಲ್ಲ. ಈ ಬರಹದಲ್ಲಿ ಅವರ ಬಾಯಿಂದ ಬರುವ ಮಾತುಗಳೆಲ್ಲ ಜಗಳದವು ಎಂದು ತಿಳಿದುಕೊಂಡರೆ ಹೆಚ್ಚು ತಪ್ಪಾಗದು.

ಅವರಿಗೆ ಒಂದು ಕಾಯಿಲೆಯಿತ್ತು. ಏನಾದರೂ ಕೆಟ್ಟರೆ ಐದು ಸಲ ಯಾಕೆ ಎಂದು ಕೇಳುವುದು. ಅದನ್ನು ಸೇಫ್ಟಿ ತರಬೇತಿಯಲ್ಲಿ ಎಲ್ಲರಿಗೂ ಕಲಿಸುತ್ತಾರೆ. ಎಲ್ಲರೂ ಪರೀಕ್ಷೆ ಬರೆದು ಮರೆಯುತ್ತಾರೆ. ಇವರು ಮರೆಯಲಿಲ್ಲ. ಒಬ್ಬ ಗ್ರೈಂಡರಿನವನ ಬೂಟು ಸೀಳಿತು. ಯಾಕೆ? ಗ್ರೈಂಡರ್ ಜಾರಿತು. ಯಾಕೆ ಜಾರಿತು? ಹಿಡಿಕೆ ಇರಲಿಲ್ಲ. ಯಾಕೆ ಇರಲಿಲ್ಲ? ಕಂಪನಿಯ ಎಲ್ಲ ವರದಿಗಳೂ ಈ ಮೂರನೆಯ ಯಾಕೆಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂಬ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದವು. ಅಲ್ಲಿ ಇಳಿದರೆ ನಡೆಯುವ ಕಷ್ಟವಿಲ್ಲ. ಇವರು ಮಾತ್ರ ಸೀಟಿನಲ್ಲೇ ಕೂತಿರುತ್ತಿದ್ದರು. ನಾಲ್ಕನೆಯ ಯಾಕೆ ಖರೀದಿ ವಿಭಾಗಕ್ಕೆ ಹೋಗುತ್ತಿತ್ತು, ಐದನೆಯದು ತಪ್ಪದೆ ಮ್ಯಾನೇಜರರ ಮೇಜಿಗೆ. ಮ್ಯಾನೇಜರ್ ಸ್ಕಾಟ್ಲೆಂಡಿನವರು, ಸಭ್ಯರು. ವರದಿಯ ವಿಷಯಕ್ಕೆ ಯಾವತ್ತೂ ಆಕ್ಷೇಪ ಎತ್ತುತ್ತಿರಲಿಲ್ಲ. ಫಾರ್ಮ್ಯಾಟ್ ಸರಿಯಿಲ್ಲ ಎಂದು ವಾಪಸು ಕಳಿಸುತ್ತಿದ್ದರು. ಪೊರ್ಬುಗಳ ಒಂದು ವರದಿಗೆ ನಾನು ಒಂಬತ್ತನೆಯ ತಿದ್ದುಪಡಿಯ ನಂಬರು ಹಾಕಿದ್ದುಂಟು. ಒಂಬತ್ತು ಸಲವೂ ಅಂಚಿನ ಅಳತೆ ಬದಲಾಗಿತ್ತು, ಐದನೆಯ ಯಾಕೆ ಅಲ್ಲಿಯೇ ಇತ್ತು.

ಕೋಣೆಯಲ್ಲೂ ಇದೇ ಕಥೆ. ಬೇಳೆ ತಳ ಹಿಡಿದರೆ ವಿಚಾರಣೆ. ಮಾಲ್‌ನ ಎಸ್ಕಲೇಟರಿನಲ್ಲಿ ಕೈಕಂಬಿ ಹಿಡಿಯದ ಅಪರಿಚಿತರಿಗೂ ಉಪದೇಶ. ಅಲ್ಲಿನ ವಾರದ ರಜೆಯಾದ ಶುಕ್ರವಾರ ಇಗರ್ಜಿಗೆ ಹೋದರೆ ಮೊದಲು ದೇವರನ್ನಲ್ಲ, ಹೊರಹೋಗುವ ದಾರಿಯನ್ನು ನೋಡುತ್ತಿದ್ದರೆಂದು ಅವರೇ ಹೇಳಿದ್ದಾರೆ. ಅವರು ಗೊರಕೆ ಹೊಡೆಯುತ್ತಾರೆಂದು ನಾನು ದೂರಿದಾಗ ನಂಬಲಿಲ್ಲ. ಶಬ್ದ ಅಳೆಯುವ ಯಂತ್ರವನ್ನು ಅನುಮತಿ ಪತ್ರದ ಸಮೇತ ಯಾರ್ಡಿನಿಂದ ತಂದು ಅಳತೆ ತೆಗೆಸಿಕೊಂಡರು. ಅಂಕಿ ನೋಡಿ, ಇಷ್ಟಕ್ಕೆ ಕಿವಿಯಲ್ಲಿ ಇಯರ್ ಪ್ಲಗ್ ಇರಲೇಬೇಕು ಎಂದು ನನಗೇ ತಾಕೀತು ಮಾಡಿದರು. ಹಾಗಾದರೆ ಯಾರ್ಡಿನಿಂದ ನಾಲ್ಕು ಜೊತೆ ತನ್ನಿ ಎಂದೆ. ಕಂಪನಿಯ ಸೊತ್ತನ್ನು ಗೇಟಿನ ಹೊರಗೆ ತರುವುದೆಂದರೇನು ಎಂಬ ವಿಷಯದ ಮೇಲೆ ಅರ್ಧ ಗಂಟೆ ಉಪನ್ಯಾಸ ಸಿಕ್ಕಿತು. ನಾನು ಕೆಳಗಿನ ಫಾರ್ಮಸಿಯಲ್ಲಿ ಕಿತ್ತಳೆ ಬಣ್ಣದ ಸ್ಪಂಜಿನ ಪ್ಲಗ್ಗುಗಳ ಒಂದು ಪೊಟ್ಟಣ ಕೊಂಡೆ. ಕೊನೆಗೆ ಅವರೇ ಮನಸ್ಸು ಕರಗಿ ಯಾರ್ಡಿನ ಹಳದಿ ಪ್ಲಗ್ಗುಗಳನ್ನು ಜೇಬಿನಲ್ಲಿ ತಂದುಕೊಟ್ಟರೆಂಬ ಇನ್ನೊಂದು ನೆನಪೂ ನನ್ನಲ್ಲಿದೆ. ಎರಡನ್ನೂ ಸದ್ಯಕ್ಕೆ ಹಾಗೆಯೇ ಇಟ್ಟಿರುತ್ತೇನೆ.

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ ಅದು. ಆ ಬೇಸಿಗೆಯಲ್ಲಿ ಯಾರ್ಡಿನಲ್ಲಿ ಎಲ್ಲರೂ ಪಟ್ಟಿ ಎಂಬ ಒಂದೇ ಪದವನ್ನು ಮಾತಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಪಟ್ಟಿ ಬರುತ್ತದೆ, ಪ್ರತಿ ವಿಭಾಗದಿಂದ ಒಬ್ಬರು ಊರಿಗೆ. ಸೇಫ್ಟಿಯಲ್ಲಿ ಇಬ್ಬರಿದ್ದರು, ಕಾಗದ ವಿಭಾಗದಲ್ಲೂ ಇಬ್ಬರು. ಪಟ್ಟಿ ಬರೆಯುವವರು ಮ್ಯಾನೇಜರ್. ಅವರು ಎರಡು ತಿಂಗಳ ರಜೆಗೆ ಹೊರಡುವ ಮುಂಚೆ ಪೊರ್ಬುಗಳನ್ನು ಖಲೀಫಾ ಸಿಟಿಯ ತಮ್ಮ ವಿಲ್ಲಾಕ್ಕೆ ಕರೆಸಿ, ಒಂದು ಪಂಜರವನ್ನು ಕೊಟ್ಟರು. ಒಳಗೆ ಮಗಳು ಸಾಕಿದ ಫೆರೆಟ್. ಹೆಸರು ಬಿಸ್ಕಿಟ್, ವಯಸ್ಸು ನಾಲ್ಕು ತಿಂಗಳು, ಮುಂಗುಸಿಯನ್ನು ಹಿಂಡಿ ಒಣಗಿಸಿದಂಥ ಆಕಾರ. ಸೇಫ್ಟಿ ಆಫೀಸರಿಗಿಂತ ಸುರಕ್ಷಿತ ಕೈ ಯಾರದಿದೆ ಎಂದರಂತೆ. ಇಪ್ಪತ್ತು ವರ್ಷದ ಅನುಭವಕ್ಕೆ ಕಂಪನಿ ಕೊಟ್ಟ ಮೊದಲ ಮೆಚ್ಚುಗೆ ಅದು.

ಪಂಜರ ಕೋಣೆಗೆ ಬಂದ ದಿನವೇ ಇಬ್ಬರಿಗೂ ಅರ್ಥವಾಗಿತ್ತು: ಇದು ಬದುಕಿದ್ದರೆ ನಾವಿಬ್ಬರೂ ಬದುಕಿದ ಹಾಗೆ. ಕಟ್ಟಡದಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ವಾಚ್‌ಮನ್ ಕೇಳಿದರೆ ಆಫೀಸಿನ ಸಾಮಾನು ಎನ್ನುವುದೆಂದು ನಾನು ತೀರ್ಮಾನಿಸಿದೆ. ಪೊರ್ಬುಗಳು ಮೊದಲ ದಿನವೇ ವಾಚ್‌ಮನ್‌ನನ್ನು ಮೇಲೆ ಕರೆದು ತೋರಿಸಿ, ಬೆಂಕಿ ಬಿದ್ದರೆ ಮೊದಲು ಇದನ್ನು ಇಳಿಸಬೇಕು ಎಂದು ಹೇಳಿಕೊಟ್ಟರು.

ಎರಡನೆಯ ಸಂಜೆ ಅದು ಕುಣಿಯಿತು. ಪಂಜರ ತೆರೆದದ್ದೇ ತಡ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಬಾಲವನ್ನು ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿಸಿ, ಅಡ್ಡಡ್ಡ ನೆಗೆಯುತ್ತ, ಗೋಡೆಗೆ ಡಿಕ್ಕಿ ಹೊಡೆದು ಬಿದ್ದು, ಎದ್ದು ಮತ್ತೆ ನೆಗೆಯಿತು. ಜೊತೆಗೆ ಗಂಟಲಲ್ಲಿ ಕುಕ್ ಕುಕ್ ಎಂಬ ಸದ್ದು. ಅಪಸ್ಮಾರ ಎಂದು ಅವರು ಬೆವತರು. ನಾನು ಅಧಿಕಾರವಾಣಿಯಿಂದ, ಇದು ಗಡಿ ರಕ್ಷಣೆಯ ಆಕ್ರಮಣಕಾರಿ ವರ್ತನೆ ಎಂದು ವಿವರಿಸಿದೆ. ಏಡಿಗಳು ಹಾಗೆ ಮಾಡುತ್ತವೆ.

ಅವರು ನನ್ನ ಮಾತನ್ನು ಕೇಳಿ ತಲೆಯಾಡಿಸಿ, ಒಂದು ನೋಟ್‌ಬುಕ್ ತೆಗೆದರು. ಒಂದು ವಾರ ಪ್ರತಿ ಸಂಜೆ ಗೋಡೆಗೊರಗಿ ಕೂತು ಬರೆದರು. ಎಷ್ಟು ಹೊತ್ತಿಗೆ ಕುಣಿಯಿತು, ಅದಕ್ಕೆ ಮುಂಚೆ ಏನಾಯಿತು, ಕಚ್ಚಿತೇ, ಆಮೇಲೆ ಉಂಡಿತೇ. ವಾರದ ಕೊನೆಗೆ ನನ್ನ ಮುಂದೆ ಹಾಳೆ ಹಿಡಿದರು. ಐದನೆಯ ಯಾಕೆಯ ಎದುರಿಗೆ ‘ಬಾಗಿಲು ತೆರೆದದ್ದು’ ಎಂದಿತ್ತು. ಪರಿಣಾಮ: ಸಂತೋಷ. ಸರಿಪಡಿಸುವ ಕ್ರಮ: ಬೇಕಾಗಿಲ್ಲ.

“ಏಡಿಗೆ ಸಂತೋಷ ಆದ್ರೆ ಅದು ಎಂತ ಮಾಡ್ತದೆ, ಎಮ್ಮೆಸ್ಸಿ? ನಿಮ್ಮ ಪುಸ್ತಕದಲ್ಲಿ ಅದು ಉಂಟಾ?”

ಇರಲಿಲ್ಲ. ಗಡಿ ರಕ್ಷಣೆಯ ನನ್ನ ವಾದವನ್ನು ನಾನು ಇಂದಿಗೂ ಅಧಿಕೃತವಾಗಿ ಹಿಂದೆಗೆದುಕೊಂಡಿಲ್ಲ.

ಇನ್ನೊಂದು ಅಭ್ಯಾಸ ಸಾಯುವುದು. ಒಂದು ಮಧ್ಯಾಹ್ನ ನಾನು ಸ್ನಾನದಲ್ಲಿದ್ದಾಗ ಅವರು ಬಾಗಿಲು ಬಡಿದರು. ಬಂದು ನೋಡಿದರೆ ಬಿಸ್ಕಿಟ್ ಅವರ ಅಂಗೈಯಲ್ಲಿ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿದೆ. ಅಲುಗಿಸಿದರೆ ತಲೆ ಆಚೀಚೆ ಹೊಯ್ದಾಡುತ್ತದೆ, ಕಣ್ಣು ತೆರೆಯುವುದಿಲ್ಲ. ನಾನು ಸೋಪಿನ ಮೈಯಲ್ಲೇ ನಿಂತು ನನ್ನ ವೀಸಾದ ಕೊನೆಯ ತಾರೀಕನ್ನು ನೆನಪಿಸಿಕೊಂಡೆ. ಅವರು ಎರಡು ಬೆರಳಿನಿಂದ ಅದರ ಎದೆ ಒತ್ತಲು ಶುರುಮಾಡಿದ್ದರು, ಬಾಯಲ್ಲಿ ಎಣಿಕೆ ನಡೆದಿತ್ತು. ಹನ್ನೊಂದಕ್ಕೆ ಅದು ಆಕಳಿಸಿತು. ಎಳೆಯ ಫೆರೆಟ್ಟುಗಳು ಹೀಗೆ ಹೆಣದಂತೆ ನಿದ್ದೆ ಮಾಡುತ್ತವೆಂದು ಇಂಟರ್ನೆಟ್ಟಿನಲ್ಲಿ ಇತ್ತಂತೆ. ನಾನು ಹುಡುಕಿರಲಿಲ್ಲ. ನನ್ನ ಬಳಿ ಡಿಗ್ರಿ ಇತ್ತಲ್ಲ.

ಮೂರನೆಯದು ಕಳ್ಳತನ. ಒಂದು ಚಮಚ, ಬಾಟಲಿ ಮುಚ್ಚಳ, ನನ್ನ ಗೇಟ್ ಪಾಸು, ಅವರ ಹವಾಯಿ ಚಪ್ಪಲಿಯ ಒಂದು ಉಂಗುಷ್ಠ, ಎಲ್ಲವನ್ನೂ ಹಿಂದಕ್ಕೆ ನಡೆಯುತ್ತ ಎಳೆದು ಅವರ ಮಂಚದ ಕೆಳಗಿನ ಮೂಲೆಯಲ್ಲಿ ಸೇರಿಸುತ್ತಿತ್ತು. ಅವರು ಪ್ರತಿ ಶನಿವಾರ ಟಾರ್ಚ್ ಹಿಡಿದು ಮಂಚದಡಿ ತೂರಿ ಅಲ್ಲಿದ್ದದ್ದನ್ನು ಪಟ್ಟಿ ಮಾಡುತ್ತಿದ್ದರು. ರಬ್ಬರು ಮತ್ತು ಸ್ಪಂಜು ಕಂಡರೆ ಇದಕ್ಕೆ ಆಸೆ ಜಾಸ್ತಿ, ನೆಲದ ಮೇಲೆ, ಹಾಸಿಗೆಯ ಮೇಲೆ ಅಂಥದ್ದೇನನ್ನೂ ಬಿಡಬೇಡಿ ಎಂದು ನನಗೆ ಎರಡು ಸಲ ಹೇಳಿದರು. ಎರಡು ಸಲವೂ ನಾನು ಹೂಂ ಎಂದೆ. ಹೂಂ ಎಂದದ್ದರಲ್ಲಿ ಸಂಶಯವಿಲ್ಲ.

ಆರನೆಯ ವಾರದಲ್ಲಿ ಬಿಸ್ಕಿಟ್ ಕುಣಿಯಲಿಲ್ಲ. ಬಾಗಿಲು ತೆರೆದರೂ ಪಂಜರದಲ್ಲೇ ಚಪ್ಪಟೆಯಾಗಿ ಮಲಗಿತು. ಊಟ ಮುಟ್ಟಲಿಲ್ಲ. ಮುಂಗಾಲಿನಿಂದ ಬಾಯಿ ಕೆರೆದುಕೊಂಡು ಹಲ್ಲು ಕಡಿಯಿತು. ಬೇಸಿಗೆಯಲ್ಲಿ ಸಣ್ಣ ಪ್ರಾಣಿಗಳ ಹಸಿವು ಇಳಿಯುವುದು ಸಹಜ, ಇದೂ ಅದರ ಒಂದು ವಿಚಿತ್ರ ಅಭ್ಯಾಸ, ಎರಡು ದಿನ ನೋಡೋಣ ಎಂದೆ. ಕೋಣೆಯಲ್ಲಿ ಏಸಿ ಇಪ್ಪತ್ತೆರಡರಲ್ಲಿತ್ತು.

“ಹೊರಗೆ ಬೇಸಿಗೆ. ಇದು ಒಳಗೆ ಉಂಟು,” ಎಂದರು ಅವರು. “ನೀವು ಯಾವಾಗ್ಲೂ ಮೂರನೇ ಯಾಕೆಯಲ್ಲೇ ಇಳೀತೀರಿ ಮಾರಾಯ್ರೆ. ಬಸ್ಸು ಮುಂದೆ ಹೋಗ್ಲಿಕ್ಕುಂಟು.”

ಬೂದು ಕೈಗವಸು, ಯಾರ್ಡಿನವರ ಕನ್ನಡಕದಂಥದ್ದೇ ಸ್ವಂತ ಖರ್ಚಿನ ಕನ್ನಡಕ ಹಾಕಿಕೊಂಡು ಅವರು ಅದರ ಮಲವನ್ನು ಹಲ್ಲುಕಡ್ಡಿಯಿಂದ ಬಿಡಿಸಿ ನೋಡಿದರು. ನೂಲಿನ ಹಾಗೆ ತೆಳ್ಳಗೆ ಬರುತ್ತಿತ್ತು. ಯಾಕೆ? ದಾರಿ ಸಣ್ಣದಾಗಿದೆ. ಯಾಕೆ? ಒಳಗೇನೋ ಸಿಕ್ಕಿಕೊಂಡಿದೆ. ಮೂರನೆಯದಕ್ಕೆ ಕಾಯದೆ ಎದ್ದರು. ಅಂದು ಶುಕ್ರವಾರ. ಮೂರು ವರ್ಷದಲ್ಲಿ ಮೊದಲ ಸಲ ಅವರು ಪೂಜೆ ತಪ್ಪಿಸಿದರು. ಮೊದಲ ಟ್ಯಾಕ್ಸಿಯವನು ಪಂಜರ ನೋಡಿ ಅರಬಿಯಲ್ಲಿ ‘ಮಾಫಿ, ಮಾಫಿ’, ಇಲ್ಲ, ಇಲ್ಲ, ಎಂದು ಕಿಟಕಿ ಏರಿಸಿದ. ಎರಡನೆಯವನು ಪೇಶಾವರದ ಮುದುಕ, ದಾರಿಯುದ್ದಕ್ಕೂ ಅದಕ್ಕಾಗಿ ಏನೋ ಪ್ರಾರ್ಥನೆ ಹೇಳುತ್ತ ಓಡಿಸಿದ. ಆಸ್ಪತ್ರೆಯಲ್ಲಿ ಸಿರಿಯಾದ ಒಬ್ಬ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಇವತ್ತೇ ಕೊಯ್ಯಬೇಕು, ನಾಳೆಗೆ ಇರುವುದಿಲ್ಲ ಎಂದರು. ನನ್ನ ಎರಡು ದಿನದ ಲೆಕ್ಕಾಚಾರದ ಬಗ್ಗೆ ಅಲ್ಲಿ ಯಾರೂ ಮಾತೆತ್ತಲಿಲ್ಲ.

ಪೊರ್ಬುಗಳನ್ನು ಒಳಗೆ ಬಿಟ್ಟರು, ನನ್ನನ್ನು ಬಿಡಲಿಲ್ಲ. ಅಥವಾ ಬಿಟ್ಟರು. ತಟ್ಟೆಯ ಬಗ್ಗೆ ಆಗಲೇ ಹೇಳಿದ್ದೇನೆ. ಹೊರಗೆ ಬಂದಾಗ ಅವರ ಕೈಯಲ್ಲಿ ಡಾಕ್ಟರಮ್ಮ ಬರೆದ ಒಂದು ಕಾಗದವಿತ್ತು, ಅದನ್ನು ನಾಲ್ಕಾಗಿ ಮಡಚಿದ್ದರು. ಏನಿತ್ತಂತೆ ಎಂದೆ. ಇಯರ್ ಪ್ಲಗ್ ಎಂದರು. ಮತ್ತೆ ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಅದನ್ನು ಕೇಳಿದ ನೆನಪಿಲ್ಲ.

ವಾಪಸು ಬರುವಾಗ ಅವರು ಕೆಳಗಿನ ಅಂಗಡಿಯಲ್ಲಿ ಇಳಿದು, ತಿರುಪಿನ ಮುಚ್ಚಳದ ಒಂದು ಸಣ್ಣ ಸ್ಟೀಲ್ ಡಬ್ಬಿ ತಂದು ನನ್ನ ತಲೆದಿಂಬಿನ ಪಕ್ಕದಲ್ಲಿಟ್ಟರು. ಏನಿದು ಎಂದರೆ, ಇಟ್ಟುಕೊಳ್ಳಿ, ಬೇಕಾಗುತ್ತದೆ ಎಂದು ಬೆನ್ನು ತಿರುಗಿಸಿದರು. ನಾನು ಅದರಲ್ಲಿ ಪೇಪರ್ ಕ್ಲಿಪ್ಪುಗಳನ್ನು ಹಾಕಿಟ್ಟೆ.

ಜಗಳವಾದದ್ದು ಮಾರನೆಯ ದಿನ. ಬಿಸ್ಕಿಟ್ ಎದ್ದು ನೀರು ಕುಡಿದಿತ್ತು. ಮ್ಯಾನೇಜರ್ ಬರಲು ಇನ್ನೂ ಮೂರು ವಾರವಿತ್ತು, ಅಷ್ಟರಲ್ಲಿ ಹೊಲಿಗೆ ಮಾಗುತ್ತದೆ, ಕೂದಲು ಮುಚ್ಚುತ್ತದೆ. ಹೇಳುವ ಅಗತ್ಯವೇ ಇಲ್ಲ ಎಂದು ನಾನು ವಾದಿಸಿದೆ. ಸಾಕ್ಷಿಯಿಲ್ಲದ ಘಟನೆ ನಡೆದಿಲ್ಲವೆಂದೇ ಲೆಕ್ಕ ಎಂದೂ ಸೇರಿಸಿದೆ, ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕು. ಅವರು ಒಪ್ಪಲಿಲ್ಲ.

“ಹೊಲಿಗೆ ಉಂಟಂದ್ರೆ ವರದಿ ಉಂಟು.”

“ಒಂದೇ ಕೋಣೆ ಪೊರ್ಬುಗಳೇ. ವರದಿ ಓದಿದ ಮೇಲೆ ಅವರಿಗೆ ಇಬ್ಬರನ್ನೂ ಪಟ್ಟಿಗೆ ಹಾಕಲಿಕ್ಕೆ ಎಷ್ಟು ಹೊತ್ತು?”

ಅವರು ಬಿಸ್ಕಿಟ್‌ನ ಹೊಟ್ಟೆಯ ಮೇಲಿನ ಹೊಲಿಗೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದ ಹಾಗಿತ್ತು. ಎಣಿಸಿ ಮುಗಿಸಿ ಹೇಳಿದರು:

“ನಿಮ್ಮ ಹೆಸರು ಅದರಲ್ಲಿ ಬರುದಿಲ್ಲ. ಟೈಪ್ ಮಾಡಿ.”

ಲ್ಯಾಪ್‌ಟಾಪ್ ಇದ್ದದ್ದು ನನ್ನ ಬಳಿ. ಅವರು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ಯಾಕೆ ಒಂದು, ಯಾಕೆ ಎರಡು. ಐದನೆಯದಕ್ಕೆ ಅವರು ಸ್ವಲ್ಪವೂ ತಡೆಯಲಿಲ್ಲ. ಸೇಫ್ಟಿ ಆಫೀಸರ್ ಕೆಲಸದ ಜಾಗದ ಇಯರ್ ಪ್ಲಗ್ಗುಗಳನ್ನು ನಿಯಮ ಮೀರಿ ಜೇಬಿನಲ್ಲಿ ಕೋಣೆಗೆ ತಂದದ್ದು. ನನ್ನ ಬೆರಳುಗಳೂ ತಡೆಯಲಿಲ್ಲ. ಈ ಕಥೆಯಲ್ಲಿ ನನಗೆ ಯಾವ ಅನುಮಾನವೂ ಇಲ್ಲದೆ ನೆನಪಿರುವುದು ಇದೊಂದೇ: ಬೆರಳುಗಳು ತಡೆಯಲಿಲ್ಲ. ಸರಿಪಡಿಸುವ ಕ್ರಮ: ಮುಚ್ಚಳವಿರುವ ಡಬ್ಬಿ. ಡಾಕ್ಟರಮ್ಮನ ಕಾಗದವನ್ನು ಸ್ಕ್ಯಾನ್ ಮಾಡಿ ಲಗತ್ತಿಸಲು ಹೇಳಿದರು. ಮಾಡಿದೆ, ಓದಲಿಲ್ಲ. ಡಾಕ್ಯುಮೆಂಟ್ ಕಂಟ್ರೋಲರುಗಳು ಕಾಗದಗಳನ್ನು ಓದುವುದಿಲ್ಲ, ನಂಬರು ಹಾಕುತ್ತಾರೆ. ನನ್ನ ಮೇಲ್‌ನಿಂದಲೇ ಕಳಿಸಿದೆ.

ಮ್ಯಾನೇಜರ್ ಸೆಪ್ಟೆಂಬರಿನ ಮೊದಲ ವಾರದಲ್ಲಿ ಬಂದರು. ಪಂಜರವನ್ನು ವಿಲ್ಲಾಕ್ಕೆ ಒಯ್ಯುವಾಗ ನಾನೂ ಹೋಗಿದ್ದೆ. ಮಗಳು ಬಾಗಿಲು ತೆರೆದಳು. ಬಿಸ್ಕಿಟ್ ಹೊರಗೆ ಬಂದು, ಎರಡು ತಿಂಗಳ ಅಜ್ಞಾತವಾಸದ ನಂತರ ಆ ಮಾರ್ಬಲ್ ನೆಲದ ಮೇಲೆ ಬೆನ್ನು ಬಗ್ಗಿಸಿ, ಅಡ್ಡಡ್ಡ ನೆಗೆದು, ಸೋಫಾದ ಕಾಲಿಗೆ ಡಿಕ್ಕಿ ಹೊಡೆದು ಬಿತ್ತು. ಅದಕ್ಕೇನಾಗಿದೆ ಎಂದು ಮ್ಯಾನೇಜರರ ಹೆಂಡತಿ ಗಾಬರಿಯಾದರು. ಪೊರ್ಬುಗಳು ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, ಬಾಗಿಲು ತೆರೆದದ್ದಕ್ಕೆ ಹಾಗೆ ಎಂದು ಹೇಳಿದರು.

ವರದಿಯ ಬಗ್ಗೆ ಮ್ಯಾನೇಜರ್ ಪೊರ್ಬುಗಳನ್ನು ಆಫೀಸಿಗೆ ಕರೆಸಿ ನಾಲ್ಕು ನಿಮಿಷ ಮಾತಾಡಿದರು. ಹೊರಗೆ ಬಂದವರನ್ನು ಏನಂದರು ಎಂದು ಕೇಳಿದೆ. ಫಾರ್ಮ್ಯಾಟ್ ಸರಿಯಾಗಿದೆ ಅಂದರು ಎಂದರು. ಅವರ ವೃತ್ತಿಜೀವನದಲ್ಲಿ ಒಂದೂ ತಿದ್ದುಪಡಿಯಿಲ್ಲದೆ ಒಪ್ಪಿಗೆಯಾದ ವರದಿ ಅದೊಂದೇ. ಅದರ ಐದನೆಯ ಯಾಕೆ ಮ್ಯಾನೇಜರರ ಮೇಜಿಗೆ ಹೋಗುತ್ತಿರಲಿಲ್ಲವಲ್ಲ.

ಮುಂದಿನ ಗುರುವಾರ ಪಟ್ಟಿ ಬಂತು. ಸೇಫ್ಟಿಯಿಂದ ಅವರು. ಕಾಗದ ವಿಭಾಗದಿಂದ ನನ್ನ ಜೊತೆಯವನು. ಒಂದು ಘಟನೆಯ ನಂತರ ಇನ್ನೊಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನಲು ಬರುವುದಿಲ್ಲ. ಅವರ ಸಂಬಳ ಹೆಚ್ಚಿತ್ತು, ವಯಸ್ಸು ಐವತ್ತು ದಾಟಿತ್ತು, ಗ್ರೈಂಡರಿನ ಹಳೆಯ ವರದಿಗಳೂ ಇದ್ದವು. ನಾನು ಆಗ ಹೀಗೆಯೇ ಯೋಚಿಸಿದೆ, ಮೂರು ಯಾಕೆಗಳಾದ ಮೇಲೆ ನಿಲ್ಲಿಸಿದೆ.

ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಅವರು ಎಸ್ಕಲೇಟರಿನ ಕೈಕಂಬಿ ಹಿಡಿದು ಮೇಲಕ್ಕೆ ಹೋದರು. ಅರ್ಧ ದಾರಿಯಲ್ಲಿ ತಿರುಗಿ, ಕೈ ಬೀಸುತ್ತಿದ್ದ ನನಗೆ ಕೈಕಂಬಿಯನ್ನು ಬೆರಳು ಮಾಡಿ ತೋರಿಸಿದರು. ನಾನು ನೆಲದ ಮೇಲೆಯೇ ನಿಂತಿದ್ದೆ, ಹಿಡಿಯಲು ಏನೂ ಇರಲಿಲ್ಲ. ಆಮೇಲೆ ವರ್ಷಕ್ಕೊಂದು ಕ್ರಿಸ್ಮಸ್ ಮೆಸೇಜು, ಗ್ಯಾಸ್ ಸಿಲಿಂಡರಿನ ರಬ್ಬರು ಕೊಳವೆಯನ್ನು ಎಷ್ಟು ವರ್ಷಕ್ಕೆ ಬದಲಿಸಬೇಕೆಂಬ ಸೂಚನೆಯ ಸಮೇತ. ಅಷ್ಟೇ.

ವಾಟ್ಸಾಪಿನಲ್ಲಿ ಅವರ ಫೋಟೋ ಬಂದ ದಿನ ನಾನು ಯಾರ್ಡಿನಲ್ಲಿ ಇನ್ನೂ ಉಳಿದಿರುವ ಸ್ಟೋರ್‌ಕೀಪರನಿಗೆ ಫೋನ್ ಮಾಡಿ ಇಯರ್ ಪ್ಲಗ್ಗಿನ ಬಣ್ಣ ಕೇಳಿದೆ. ಸತ್ತವರ ಬಗ್ಗೆ ಏನೋ ಕೇಳುತ್ತಾನೆಂದುಕೊಂಡಿದ್ದ ಆತ ಬಣ್ಣವೇ ಎಂದು ಮತ್ತೆ ಕೇಳಿ, ಮೊದಲಿನಿಂದಲೂ ಹಳದಿ, ನೀಲಿ ದಾರದ್ದು, ಬೇರೆಯದನ್ನು ನಾವು ತರಿಸಿದ್ದೇ ಇಲ್ಲ ಎಂದ. ಆಮೇಲೆ ನನ್ನ ಹಳೆಯ ಮೇಲ್‌ಗಳನ್ನು ಹುಡುಕಿದೆ. ವರದಿ ಸಿಕ್ಕಿತು, ಅದರ ಕೆಳಗೆ ನಾನೇ ನಂಬರು ಹಾಕಿದ ಲಗತ್ತೂ ಸಿಕ್ಕಿತು. ಸ್ಕ್ಯಾನು ಸ್ವಲ್ಪ ಓರೆಯಾಗಿದೆ, ನಾಲ್ಕು ಮಡಿಕೆಯ ಗುರುತು ಕಾಣುತ್ತದೆ, ಡಾಕ್ಟರಮ್ಮನ ಅಕ್ಷರ ದುಂಡಗಿದೆ. ಹೊಟ್ಟೆಯಿಂದ ತೆಗೆದ ವಸ್ತು: ಸ್ಪಂಜಿನ ಇಯರ್ ಪ್ಲಗ್, ಒಂದು. ದಾರ: ಇಲ್ಲ. ಬಣ್ಣ: ಕಿತ್ತಳೆ.